ಮಾಗಡಿಯಿಂದ ಮೈಸೂರಿಗೆ ಹತ್ತು ಹೆಸರು

ರಾಮನಗರ
೧೪-೧೧-೨೦೦೭, ಬುಧವಾರ

ಪ್ರೀತಿಯ ತಮ್ಮ ಜಯಕುಮಾರನಿಗೆ,

ಮೊದಲು ಕನಸಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬರೆದರೆ ಕಾಗದವೆಲ್ಲ ನಡುಗುತ್ತದೆ. ನಿನ್ನೆ ಕೋಳಿ ಕೂಗುವ ಹೊತ್ತಿಗೆ ಬಿದ್ದದ್ದು. ನೀನು ಮಂಜಿನ ಮೇಲೆ ನಿಂತಿದ್ದೀಯ, ಮೈಮೇಲೆ ಮಿಲಿಟರಿ ಬಟ್ಟೆ ಸರಿಯಾಗಿಯೇ ಇದೆ, ಕಾಲಲ್ಲಿ ಮಾತ್ರ ನಮ್ಮ ರೇಷ್ಮೆ ಶೆಡ್ಡಿನ ಹವಾಯಿ ಚಪ್ಪಲಿ. ನಿನ್ನ ಮುಂದೆ ದೊಡ್ಡ ಬಾಣಲೆಯಲ್ಲಿ ರೇಷ್ಮೆ ಗೂಡು ಕುದಿಯುತ್ತಿದೆ. 'ಅಕ್ಕಾ, ಎಷ್ಟೊತ್ತು ಬೇಯಿಸ್ಲಿ, ಬೇಗ ಹೇಳು' ಅನ್ನುತ್ತೀಯ. ನಾನು ಬಾಯಿ ತೆರೆದರೆ ಗೂಡು ಬೇಯಿಸುವಾಗ ಲೆಕ್ಕಕ್ಕೆ ಹೇಳುವ ಒಂದು ಊರಿನ ಹೆಸರೂ ಬರುತ್ತಿಲ್ಲ. ಮಾಗಡಿ ಕೂಡ ಬರುತ್ತಿಲ್ಲ ಕಣಪ್ಪ! ನೋಡನೋಡುತ್ತ ಗೂಡೆಲ್ಲ ಕರಗಿ ಗಂಜಿಯಾಯಿತು, ನಿನ್ನ ಚಪ್ಪಲಿಯ ಮೇಲೆ ಹರಿಯಿತು. ಎದ್ದು ಕೂತವಳು ದೇವರ ಮುಂದೆ ದೀಪ ಹಚ್ಚಿ, ನೀರು ಕುಡಿದು, ಮತ್ತೆ ಕೂತೆ. ನಿನ್ನ ಕಾಲಿಗೆ ಏನಾದರೂ ಆಗಿದೆಯಾ? ಹೋದ ಚಳಿಗಾಲದಲ್ಲಿ ಬೆರಳು ಮರಗಟ್ಟಿದೆ ಎಂದು ಬರೆದಿದ್ದೆ. ಉಣ್ಣೆ ಕಾಲುಚೀಲ ಕೊಟ್ಟಿದ್ದಾರಾ, ಕೊಟ್ಟಿದ್ದರೆ ಹಾಕಿಕೊಳ್ಳುತ್ತೀಯಾ, ಇಲ್ಲ ಸೋಮಾರಿತನ ಮಾಡುತ್ತೀಯಾ? ಹೊಟ್ಟೆ ಹೇಗಿದೆ? ಬರೀ ಗೋಧಿ ತಿಂದು ಮಲಬದ್ಧತೆ ಆಗಿದ್ದರೆ ಬಿಸಿನೀರು ಕುಡಿ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವ ಚೆಲುವಯ್ಯನವರು ಮಾವಿನ ಮಂಡಿಯಲ್ಲಿ ಕೆಲಸ ಇಲ್ಲದ ಕಾಲವಾದ್ದರಿಂದ ಮನೆಯಲ್ಲೇ ಕೂತು ನನಗೆ ಬುದ್ಧಿ ಹೇಳುತ್ತಿದ್ದಾರೆ. ಅದೊಂದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ.

ಇನ್ನೊಂದು. ನಿನ್ನ ವಿಳಾಸದಲ್ಲಿ ನಂಬರು ಇದೆ, ಊರು ಇಲ್ಲ. ಹಾಗೇ ಇರಬೇಕಂತೆ, ಗೊತ್ತು, ನೀನು ಹತ್ತು ಸಲ ಹೇಳಿದ್ದೀಯ. ಆದರೂ ಮಾಸ್ಕೋ ಎಲ್ಲಿದೆ, ಮನಿಲಾ ಎಲ್ಲಿದೆ ಎಂದು ಕೈ ತೋರಿಸಿ ಹೇಳುವ ನಾನು, ಒಡಹುಟ್ಟಿದ ತಮ್ಮ ಎಲ್ಲಿ ಮಲಗುತ್ತಾನೆ ಎಂದರೆ ಆಕಾಶ ನೋಡುತ್ತೇನೆ. ಫೋನಿನಲ್ಲಿ ನೀನು ಸಿಗುವುದು ತಿಂಗಳಿಗೊಂದು ಸಲ, ಅದೂ 'ಅಕ್ಕಾ, ಕೇಳಿಸ್ತಾ ಐತಾ' ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ಅರ್ಧಕ್ಕೆ ಮಡಿಸಿ ಜೇಬಿಗಿಡಬೇಡ.

ಶುಕೂರ್ ಸಾಬರ ಶೆಡ್ಡು ಈ ವರ್ಷದ ಕೊನೆಗೆ ಮುಚ್ಚುತ್ತದೆ. ಅವರದೇನೂ ತಪ್ಪಿಲ್ಲ. ಬಿಡದಿ ಕಡೆ ಕಾರ್ಖಾನೆ ಮೇಲೆ ಕಾರ್ಖಾನೆ ಬಂತು, ಅಲ್ಲಿಯ ನೌಕರರು ನಮ್ಮ ಬೀದಿಯಲ್ಲೇ ಮನೆ ಕಟ್ಟಿಕೊಂಡರು. ಕಟ್ಟಿಕೊಂಡ ಮೇಲೆ ಹುಳುವಿನ ವಾಸನೆ, ಒಲೆಯ ಹೊಗೆ ಎಂದು ಅರ್ಜಿ ಕೊಟ್ಟರು. ಸಾಬರಿಗೂ ವಯಸ್ಸಾಯಿತು. 'ಇನ್ ನನ್ ಕೈಲಿ ಆಗಾಕಿಲ್ಲ ಬೈರಮ್ಮ, ನೀವೆಲ್ಲ ಆ ಹೊಸ ಕಂಪ್ನಿಗೆ ಹೋಗಿ ಸೇರ್ಕೊಳ್ಳಿ' ಎಂದು ಅವರೇ ದಾರಿ ತೋರಿಸಿದರು. ಹೊಸ ಕಂಪನಿ ಎಂದರೆ ರೇಷ್ಮೆ ನೂಲು ತೆಗೆಯುವುದೇ, ಆದರೆ ಎಲ್ಲ ಮಷೀನು. ನಾವು ಒಂದು ದಿನದಲ್ಲಿ ಬಿಚ್ಚುವ ಗೂಡನ್ನು ಅದು ನಾವು ಊಟ ಮುಗಿಸಿ ಏಳುವಷ್ಟರಲ್ಲಿ ಬಿಚ್ಚಿಬಿಡುತ್ತದೆ. ಆದರೂ ಗೂಡು ಬೆಂದಿದೆಯೋ ಇಲ್ಲವೋ ನೋಡಲು ಮನುಷ್ಯರು ಬೇಕೇ ಬೇಕಂತೆ. ಆ ಕೆಲಸಕ್ಕೆ ಆರು ಜನ ಹೆಂಗಸರನ್ನು ತೆಗೆದುಕೊಳ್ಳುತ್ತೇವೆ, ಓದಲು ಬರೆಯಲು ಬರಬೇಕು, ಪರೀಕ್ಷೆ ಇಡುತ್ತೇವೆ ಎಂದರು. ನಮ್ಮ ಶೆಡ್ಡಿನಿಂದ ನಾನು, ಮುನವ್ವರಾ, ಯಶೋಧಾ, ಭಾನುಪ್ರಿಯ ನಾಲ್ಕು ಜನ ಬರೆದೆವು. ಮುನವ್ವರಾ, ಯಶೋಧಾ ಇಬ್ಬರನ್ನೂ ನೀನು ನೋಡಿದ್ದೀಯ. ಭಾನುಪ್ರಿಯ ಕುಣಿಗಲ್ ಕಡೆಯಿಂದ ಈ ಊರಿಗೆ ಬಂದ ಸೊಸೆ, ನೀನು ಹೋದ ಮೇಲೆ ಸೇರಿದವಳು.

ಲೆಕ್ಕ, ಕನ್ನಡ ಎಲ್ಲ ಒಂದು ಥರ ಆಯಿತು. ಕೊನೆಗೆ ಸಾಮಾನ್ಯ ಜ್ಞಾನ ಎಂದು ಒಂದು ಪ್ರಶ್ನೆ: ಒಂದೇ ಅಕ್ಷರದಿಂದ ಶುರುವಾಗುವ, ಪ್ರಪಂಚದ ಹತ್ತು ಸ್ಥಳಗಳ ಹೆಸರು ಬರೆಯಿರಿ. ಅಕ್ಷರ ಯಾವುದಾದರೂ ಸರಿ. ಜಯಣ್ಣ, ನನಗೆ ಆ ಪರೀಕ್ಷೆಯ ಹಾಲಿನಲ್ಲೇ ಜೋರಾಗಿ ನಗಬೇಕು ಅನ್ನಿಸಿತು. ಆಮೇಲೆ ಭಯವಾಯಿತು, ಇಷ್ಟು ಸುಲಭವಾದದ್ದು ನನ್ನ ಪಾಲಿಗೆ ಯಾವತ್ತೂ ಬಂದಿಲ್ಲ, ಇದರಲ್ಲಿ ಏನೋ ಇದೆ ಎಂದು. ಮೂರು ಸಲ ಪ್ರಶ್ನೆ ಓದಿದೆ. ಏನೂ ಇರಲಿಲ್ಲ. ಬರೆದೆ.

ಏನು ಬರೆದೆ ಎಂದು ನೀನೇ ಹೇಳು. ಮಾಗಡಿ, ಮದೀನಾ, ಮಸ್ಕತ್, ಮಾಸ್ಕೋ, ಮನಿಲಾ, ಮೆಲ್ಬೋರ್ನ್, ಮಡಗಾಸ್ಕರ್, ಮೊರಾಂಬಾ, ಮಾರಿಷಸ್, ಮೈಸೂರು. ನೀನು ಈಗ ನಗುತ್ತಿದ್ದೀಯ, ನನಗೆ ಗೊತ್ತು. ಒಂಬತ್ತು ವರ್ಷದ ಹಿಂದೆ ನೀನು ಮಿಲಿಟರಿ ಪರೀಕ್ಷೆಗೆ ಓದಲು ನಮ್ಮ ಮನೆಗೆ ಬಂದಿದ್ದೆ. ಮನೆಯಲ್ಲಿ ಒಬ್ಬನೇ ಬೇಜಾರು ಎಂದು ಶೆಡ್ಡಿಗೆ ಬಂದು, ಗೂಡಿನ ಮೂಟೆಯ ಮೇಲೆ ಕೂತು, ನಜೀರನ ಗುಜರಿಯಿಂದ ತಂದ ಆ ಹಳೆಯ ಭೂಪಟದ ಪುಸ್ತಕ ಹಿಡಿದು ಬಾಯಿಪಾಠ ಹೊಡೆಯುತ್ತಿದ್ದೆ. ಹಾಗೇ ಓದಿದರೆ ತಲೆಗೆ ಹೋಗುವುದಿಲ್ಲ ಎಂದು ಅಕ್ಷರ ಹಿಡಿದು ಕಟ್ಟಿಕೊಂಡೆ. ಮೊದಲನೆಯದು ಮಾಗಡಿ ಯಾಕಪ್ಪ ಎಂದರೆ, 'ನಾನ್ ಎಲ್ಲಿಗೋದ್ರೂ ನಮ್ಮೂರ್ ಗುಡೇಮಾರನಹಳ್ಳಿಯಿಂದ ಮಾಗಡಿ ಬಸ್ ಸ್ಟ್ಯಾಂಡಿಗೆ ಬಂದೇ ತಾನೆ ಹೋಗ್ಬೇಕು' ಎಂದೆ. ಎರಡನೆಯದು ಮದೀನಾ ಆಗದಿದ್ದರೆ ನೂಲು ತೆಗೆಯುವ ಬೇಸಿನ್ ಮುಟ್ಟುವುದಿಲ್ಲ ಎಂದು ಮುನವ್ವರಾ ಹಟ ಹಿಡಿದಳು. ಕೊನೆಗೆ ಮೈಸೂರು ಯಾಕೆ ಎಂದರೆ, ಅಷ್ಟು ದೂರ ಹೋದವನು ವಾಪಸ್ಸು ಬರಬೇಡವಾ ಎಂದು ನಾನೇ ಸೇರಿಸಿದೆ.

ಆದರೆ ಅದು ಆಮೇಲೆ ಏನಾಯಿತು ಎಂದು ನಿನಗೆ ಸರಿಯಾಗಿ ಗೊತ್ತಿಲ್ಲ. ನೀನು ಹೋದ ಮೇಲೂ ಆ ಪಾಠ ನಮ್ಮ ಬಾಯಿಂದ ಹೋಗಲಿಲ್ಲ. ಒಂದು ದಿನ ಮುನವ್ವರಾ ಕಂಡುಹಿಡಿದಳು: ಒಂದು ಹೆಸರಿಗೆ ಸೌಟಿನ ಒಂದು ತಿರುವು ಹಾಕಿ, ಹತ್ತೂ ಹೆಸರನ್ನು ಮೂರು ಸುತ್ತು ಹೇಳಿದರೆ ಹಳದಿ ಗೂಡು ಹದವಾಗಿ ಬೆಂದಿರುತ್ತದೆ. ಮೂರನೇ ಮೈಸೂರಿಗೆ ಕಡ್ಡಿಯಲ್ಲಿ ಸವರಿದರೆ ಎಳೆ ತಾನಾಗಿ ಎದ್ದು ಬರುತ್ತದೆ. ಬೇಗ ತೆಗೆದರೆ ಎಳೆ ಕಿತ್ತುಹೋಗುತ್ತದೆ, ತಡವಾದರೆ ಗೂಡು ಮುದ್ದೆಯಾಗುತ್ತದೆ. ಗಡಿಯಾರ ನೋಡಲು ಹೊಗೆಯಲ್ಲಿ ಎಲ್ಲಿ ಕಾಣುತ್ತದೆ? ಬಿಳಿ ಗೂಡು ದಪ್ಪ, ಅದಕ್ಕೆ ಕ ಅಕ್ಷರದ್ದು. ಕುದೂರು, ಕನಕಪುರ, ಕಾಬೂಲ್, ಕೈರೋ, ಕೊಲಂಬೋ ಎಂದು ಹದಿನಾಲ್ಕು ಹೆಸರು ಹೋಗುತ್ತದೆ. ಎಳೆ ಸಿಗದೆ ಉಳಿದ ಗೂಡನ್ನು ಇನ್ನೊಂದು ಸಲ ಅದ್ದಿ ತೆಗೆಯಲು ಚ ಸಾಕು: ಚನ್ನಪಟ್ಟಣ, ಚೀನಾ, ಚಿಲಿ, ಚಾಡ್, ಅಷ್ಟೇ. ಹೊಸದಾಗಿ ಬಂದವರಿಗೆ ನಾವು ಕಲಿಸುವುದೂ ಹೀಗೆಯೇ. ಭಾನುಪ್ರಿಯ ಕುಣಿಗಲ್, ರಾಮನಗರ ಬಿಟ್ಟು ಆಚೆ ಹೋದವಳಲ್ಲ, ಅವಳೂ ನಿದ್ದೆಯಲ್ಲಿ ಮಡಗಾಸ್ಕರ್ ಅನ್ನುತ್ತಾಳಂತೆ. ಅವಳ ಅತ್ತೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು.

ಈಗ ನೋಡು ಆದದ್ದು. ಹಾಲಿನ ನಾಲ್ಕು ಮೂಲೆಯಲ್ಲಿ ಕೂತ ನಾಲ್ಕು ಜನರೂ ಮ ಅಕ್ಷರವನ್ನೇ ಹಿಡಿದಿದ್ದೇವೆ. ಅದೇ ಹತ್ತು ಹೆಸರು. ಅದೇ ಸಾಲು. ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು ಎಂದು ಯಾರಿಗೆ ಹೊಳೆಯಬೇಕು? ಉಸಿರಾಡುವುದನ್ನು ಯಾರಾದರೂ ಹೇಳಿಕೊಂಡು ಆಡುತ್ತಾರಾ? ಹೋದ ಶುಕ್ರವಾರ ಕರೆಸಿದರು. ಮೇಜಿನ ಮೇಲೆ ನಾಲ್ಕು ಪೇಪರು, ನಾಲ್ಕರ ಮೇಲೂ ಕೆಂಪು ಗೀಟು. ನೇಮಕಾತಿ ನೋಡುವವರು ವೀರೇಂದ್ರ ಅಂತ, ಚಿಕ್ಕ ವಯಸ್ಸಿನವರು. ಗದರಲಿಲ್ಲ, ಅದು ಇನ್ನೂ ಕಷ್ಟ. 'ಕಾಪಿ ಹೊಡೆದಿದ್ದೀರಿ. ಅದನ್ನಾದರೂ ಸರಿಯಾಗಿ ಹೊಡೆಯಬಾರದಾ? ಎಂಟನೇ ಹೆಸರು ನೋಡಿ. ಮೊರಾಂಬಾ ಅಂತ ಒಂದು ಊರೇ ಇಲ್ಲ. ಒಬ್ಬರು ಸುಳ್ಳು ಬರೆದಿದ್ದೀರಿ, ಮೂವರು ಇಳಿಸಿಕೊಂಡಿದ್ದೀರಿ. ಮಾಗಡಿ ಬೇರೆ! ನಾನು ಕೇಳಿದ್ದು ಪ್ರಪಂಚದ ಊರು ಕಣಮ್ಮ, ನಿಮ್ಮ ತಾಲ್ಲೂಕಲ್ಲ' ಎಂದರು. ಆಮೇಲೆ ಟೈಪು ಮಾಡಿದ ಒಂದು ಕಾಗದ ಮುಂದಿಟ್ಟರು. ನಕಲು ಮಾಡಿದ್ದೇವೆ ಎಂದು ಒಪ್ಪಿ ರುಜು ಹಾಕಿದರೆ ಗುಡಿಸುವ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ಹಾಕದಿದ್ದರೆ ಅದೂ ಇಲ್ಲ.

ಸಣ್ಣ ವಿಷಯಕ್ಕೂ ಹೆದರುವವಳು ನಾನು, ನಿನಗೆ ಗೊತ್ತು. ಬಸ್ಸಿನಲ್ಲಿ ಚೀಟಿ ಕೈಯಲ್ಲೇ ಇದ್ದರೂ ಚೆಕಿಂಗಿನವರು ಹತ್ತಿದರೆ ಬೆವರುವವಳು. ಪಕ್ಕದಲ್ಲಿ ಯಶೋಧಾ ಆಗಲೇ ಅಳು ಶುರು ಮಾಡಿದ್ದಳು. ಮುನವ್ವರಾಳ ಯಜಮಾನರು ಹಾಸಿಗೆ ಹಿಡಿದು ಎರಡು ವರ್ಷ, ಅವಳ ಕೈ ನಿಂತರೆ ಮನೆಯೇ ನಿಲ್ಲುತ್ತದೆ. ಎಲ್ಲರೂ ನನ್ನ ಮುಖ ನೋಡಿದರು, ಆ ಹೆಸರು ಬಂದದ್ದು ನನ್ನ ತಮ್ಮನಿಂದ ತಾನೆ. ಅಷ್ಟರಲ್ಲಿ ವೀರೇಂದ್ರ ಅವರ ಹಿಂದಿನ ಗೋಡೆಯ ಮೇಲೆ ನಮ್ಮ ರಾಜ್ಯದ ದೊಡ್ಡ ಭೂಪಟ ಕಂಡಿತು. ಯಾಕೋ ಕಣ್ಣು ಅಲ್ಲೇ ನಿಂತಿತು. ರಾಮನಗರ ಹುಡುಕಿದೆ. ಊರಿನ ಚುಕ್ಕೆ ಇದೆ, ಜಿಲ್ಲೆ ಇಲ್ಲ. ಬೆಂಗಳೂರು ಗ್ರಾಮಾಂತರ ಎಂದೇ ಬರೆದಿದೆ, ಈ ವರ್ಷ ಹೊಸ ಜಿಲ್ಲೆ ಮಾಡುವುದಕ್ಕೆ ಮೊದಲಿನ ಹಳೆಯ ಪಟ. ನನ್ನ ಬಾಯಿಗೆ ಎಲ್ಲಿಂದ ಧೈರ್ಯ ಬಂತೋ ದೇವರಾಣೆ ಗೊತ್ತಿಲ್ಲ. 'ಸಾರ್, ನಿಮ್ ಪಟದಲ್ಲಿ ರಾಮನಗರ ಜಿಲ್ಲೆನೇ ಇಲ್ವಲ್ಲ. ಹಂಗಾರೆ ನಿಮ್ ಕಂಪ್ನಿ ಎಲ್ ನಿಂತೈತೆ? ನಾವ್ ಈಗ ಎಲ್ ನಿಂತಿದೀವಿ? ಪಟ ಮಾಡ್ದೋರು ಬರೀನಿಲ್ಲ ಅಂದ್ರೆ ಊರು ಇರಾಕಿಲ್ವಾ?' ಎಂದುಬಿಟ್ಟೆ. ಅಂದ ಮೇಲೆ ಕುರ್ಚಿ ಹಿಡಿದುಕೊಂಡೆ. ಆದರೆ ಅಂದದ್ದು ಅಂದಾಗಿತ್ತು.

ವೀರೇಂದ್ರ ತಿರುಗಿ ಪಟ ನೋಡಿದರು. ಮುನವ್ವರಾಗೆ ಅಷ್ಟೇ ಸಾಕಾಯಿತು. 'ನಾಲ್ಕ್ ಜನಾನೂ ಬ್ಯಾರೆ ಬ್ಯಾರೆ ರೂಮ್ನಾಗೆ ಕೂಡ್ಸಿ ಕೇಳಿ ಸಾರ್. ಒಂದ್ ಹೆಸ್ರು ಹಿಂದೆ ಮುಂದೆ ಆದ್ರೆ ನಾವೇ ಎದ್ದೋಯ್ತೀವಿ. ಮ ಒಂದೇ ಅಲ್ಲ, ಕ ನೂ ಕೇಳಿ' ಎಂದು ಅಲ್ಲೇ ಶುರು ಹಚ್ಚಿಕೊಂಡಳು, ಕುದೂರು, ಕನಕಪುರ, ಕಾಬೂಲ್ ಅಂತ. ಅವಳು ಹೇಳುತ್ತಿದ್ದಂತೆ ಯಶೋಧಾ ಅಳುತ್ತಲೇ ಸೇರಿಕೊಂಡಳು, ಭಾನುಪ್ರಿಯ ಸೇರಿಕೊಂಡಳು, ಮೂವರ ಬಲಗೈಯೂ ಸೌಟಿಲ್ಲದೆ ಗಾಳಿಯಲ್ಲಿ ತಿರುಗುತ್ತಿತ್ತು. ನೋಡಿದವರಿಗೆ ಹುಚ್ಚು ಹಿಡಿದ ಹಾಗೆ. ಹದಿನಾಲ್ಕು ಮುಗಿದ ಮೇಲೆ ವೀರೇಂದ್ರ ಮೆಲ್ಲಗೆ 'ಅದರಲ್ಲಿ ಕುದೂರು ಯಾಕಮ್ಮ?' ಎಂದು ಕೇಳಿದರು. ನನ್ನ ತಮ್ಮ ಅಲ್ಲಿ ಬಸ್ಸು ಬದಲಾಯಿಸುತ್ತಿದ್ದ ಸಾರ್ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಅವರು ಕುದೂರಿನವರೇ ಎಂದು ಗೇಟಿನ ವಾಚ್‌ಮನ್ ಆಮೇಲೆ ಹೇಳಿದ. ಮೊದಲೇ ಗೊತ್ತಿದ್ದರೆ ಅದನ್ನೂ ಅಂದುಬಿಡುತ್ತಿದ್ದೆ. ಗೊತ್ತಿರದೇ ಇದ್ದದ್ದು ಒಳ್ಳೆಯದೇ ಆಯಿತು.

ಗಲಾಟೆ ಕೇಳಿ ಬಾಯ್ಲರು ನೋಡಿಕೊಳ್ಳುವ ಬೋರಲಿಂಗಯ್ಯನವರು ಬಂದರು. ತಲೆಯೆಲ್ಲ ನರೆತವರು, ಗೂಡಿನ ಕೆಲಸ ಬಲ್ಲವರು. ವಿಷಯ ಕೇಳಿ, 'ಬಾಯ್ಮಾತು ಯಾಕೆ, ಬಾಣಲೆ ಮುಂದೆ ನಿಲ್ಸಿ ನೋಡವ. ಗೂಡು ಸುಳ್ಳು ಹೇಳಾಕಿಲ್ಲ' ಎಂದರು. ಕೊನೆಗೆ ಹೀಗೆ ತೀರ್ಮಾನವಾಯಿತು. ಡಿಸೆಂಬರ್ ಮೂರನೇ ತಾರೀಖು ಸೋಮವಾರ, ದೊಡ್ಡ ಸಾಹೇಬರ ಮುಂದೆ, ಒಬ್ಬೊಬ್ಬರನ್ನೇ ಕರೆದು ಗೂಡು ಬೇಯಿಸಲು ಹೇಳುತ್ತಾರೆ. ಗಡಿಯಾರ ಬೋರಲಿಂಗಯ್ಯನವರ ಕೈಯಲ್ಲಿ. ಅದರ ಜೊತೆಗೆ ಈ ಹೆಸರುಗಳು ಯಾರಿಂದ, ಹೇಗೆ ಬಂದವು ಎಂದು ನಾನು ಬರೆದುಕೊಡಬೇಕು. ವೀರೇಂದ್ರ ಮಾತ್ರ ಬಾಗಿಲ ತನಕ ಬಂದು, 'ಗೂಡು ಬೇಯಿಸಿ ಗೆಲ್ಲಬಹುದು. ಆದರೆ ಆ ಮೊರಾಂಬಾ ತೋರಿಸದಿದ್ದರೆ ಸಾಹೇಬರು ಒಪ್ಪಲ್ಲ. ಅದೊಂದನ್ನು ತೆಗೆದುಹಾಕಿ ಒಂಬತ್ತು ಅಂತ ಬರೆದುಕೊಡಿ, ಪರೀಕ್ಷೆಯಲ್ಲಿ ಗಾಬರಿಯಲ್ಲಿ ಏನೋ ಬರೆದೆವು ಅನ್ನಿ, ನಾನು ನೋಡಿಕೊಳ್ಳುತ್ತೇನೆ' ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು, ಇಲ್ಲ ಅನ್ನುವುದಿಲ್ಲ.

ಮನೆಗೆ ಬಂದು ಹೇಳಿದರೆ ನಿನ್ನ ಭಾವ, 'ತೆಗ್ದಾಕು ಅತ್ಲಾಗಿ. ನೋಡಿಲ್ದೆ ಇರೋ ಊರು, ಇದ್ರೇನು ಹೋದ್ರೇನು? ಇಲ್ಲ ಆ ಕಾಗುದಕ್ಕೆ ಒಂದ್ ರುಜು ಹಾಕ್ಬುಡು, ಕೈ ಸವ್ದೋಯ್ತದಾ?' ಎಂದರು. ನಾನು ಈ ಇಪ್ಪತ್ತು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಕಮ್ಮಿ. ಅವತ್ತು ಅಂದೆ. 'ನಾನು ಬರ್ದಿದ್ದು ಒಂದೇ ಪರೀಕ್ಷೆ ಕಣ್ರೀ. ಆರನೇ ಕ್ಲಾಸಿಂದು ಬರೆಯೋ ದಿನ ರೇಷ್ಮೆ ಹುಳ ಹಣ್ಣಾಗವೆ, ಗೂಡ್ ಕಟ್ಟಾಕ್ ಬುಡ್ಬೇಕು ಅಂತ ಅವ್ವ ಸ್ಕೂಲಿಂದ ಎಬ್ಬುಸ್ಕೊಂಡೋದ್ಲು. ಚಂದ್ರಿಕೆಗೆ ಹುಳ ಬುಟ್ಟು ಬರೋವತ್ಗೆ ಪರೀಕ್ಷೆ ಮುಗ್ದಿತ್ತು, ನನ್ ಓದೂ ಮುಗ್ದಿತ್ತು. ಈಗ ಬರ್ದಿರೋದು ಇದೊಂದು. ಇದುನ್ನೂ ಕದ್ದೆ ಅಂತ ನಾನೇ ಬರ್ಕೊಡ್ಲಾ?' ಅವರು 'ಒಸಿ ಕಾಫಿ ಕೊಡು' ಎಂದರು. ಅದು ಅವರು ಸೋತಾಗ ಹೇಳುವ ಮಾತು.

ಒಂಬತ್ತು ಎಂದು ಬರೆಯುವುದೂ ಆಗದು ಜಯಣ್ಣ. ಛಲಕ್ಕೆ ಹೇಳುತ್ತಿಲ್ಲ, ಮಾಡಿ ನೋಡಿದೆ. ಶನಿವಾರ ಶೆಡ್ಡಿನಲ್ಲಿ ಒಂದು ಬಾಣಲೆಗೆ ಮೊರಾಂಬಾ ಬಿಟ್ಟು ಹೇಳಿದೆ. ಮೂರು ಸುತ್ತಿಗೆ ಮೂರು ತಿರುವು ಕಮ್ಮಿಯಾಯಿತು, ಎಳೆ ಹಿಡಿದರೆ ಹಿಡಿದಲ್ಲೇ ಕಿತ್ತಿತು. ಶುಕೂರ್ ಸಾಬರು ಬಂದು ನೋಡಿ 'ಏನ್ ಬೈರಮ್ಮ, ಇಷ್ಟ್ ವರ್ಷ ಆದ್ಮೇಲೆ ಹೊಸಬಳ ಥರ ಮಾಡ್ತೀಯಲ್ಲ' ಎಂದರು. ಬೇರೆ ಹೆಸರು ಹಾಕಿ ನೋಡೋಣ ಎಂದು ಭಾನುಪ್ರಿಯ ಮಲೇಶಿಯಾ ಹಾಕಿದಳು, ಎಲ್ಲರ ನಾಲಗೆಯೂ ಅಲ್ಲಿ ಎಡವಿತು, ಆ ಗೂಡೂ ಕೆಟ್ಟಿತು. ಆದ್ದರಿಂದ ತೀರ್ಮಾನ ಮಾಡಿದ್ದೇವೆ. ನಾಲ್ವರೂ ಹತ್ತನ್ನೂ ಹೇಳುತ್ತೇವೆ. ಮಾಗಡಿಯನ್ನೂ ಹೇಳುತ್ತೇವೆ, ಅದು ಪ್ರಪಂಚದ ಹೊರಗೆ ಇದೆ ಎಂದು ಯಾರಾದರೂ ತೋರಿಸಲಿ. ಕೆಲಸ ಕೊಟ್ಟರೆ ಬೇಯಿಸುವ ಕೆಲಸ ಕೊಡಲಿ, ಇಲ್ಲದಿದ್ದರೆ ಬೇಡ. ಗುಡಿಸುವುದು ಕೀಳು ಎಂದಲ್ಲ, ಕಳ್ಳಿ ಎಂದು ಬರೆಸಿಕೊಂಡು ಗುಡಿಸುವುದಿಲ್ಲ. ಯಶೋಧಾ ಕೂಡ ಈಗ ಅಳುವುದು ಬಿಟ್ಟು ಬೈಯುತ್ತಿದ್ದಾಳೆ. ಒಳ್ಳೆಯ ಲಕ್ಷಣ.

ನಾನು ಬರೆದುಕೊಡುವ ಕಾಗದದಲ್ಲಿ ನಿನ್ನ ಹೆಸರು ಹಾಕುತ್ತಿದ್ದೇನೆ: ಇವನ್ನು ಕಲಿಸಿದವನು ನನ್ನ ತಮ್ಮ ಜಯಕುಮಾರ್, ದೇಶ ಕಾಯುವವನು, ಸುಳ್ಳು ಹೇಳುವವನಲ್ಲ ಎಂದು. ಅದರಿಂದ ನಿನಗೆ ಅಲ್ಲಿ ಏನೂ ತೊಂದರೆ ಆಗುವುದಿಲ್ಲ ತಾನೆ? ಆಗುವ ಹಾಗಿದ್ದರೆ ಬರಿ, ಬರೀ ತಮ್ಮ ಎಂದು ಹಾಕುತ್ತೇನೆ. ಇಲ್ಲಿಂದ ಮುನವ್ವರಾ ಸಲಾಮ್ ಹೇಳಿದ್ದಾಳೆ, ರಜೆಗೆ ಬಂದಾಗ ಹೊಸ ಅಕ್ಷರ ಕಲಿತು ಬರಬೇಕಂತೆ. ಕಾಲು ಬೆಚ್ಚಗಿಟ್ಟುಕೋ. ಮಾಗಡಿ ರಂಗಪ್ಪ ನಿನ್ನನ್ನು ಕಾಯಲಿ, ನೀನು ಎಲ್ಲಿದ್ದೀಯ ಎಂದು ಅವನಿಗಾದರೂ ಗೊತ್ತಿರುತ್ತದೆ.

ನಿನ್ನ ಅಕ್ಕ,
ಬೈರಮ್ಮ

ಮರೆತೆ ಎಂದುಕೊಳ್ಳಬೇಡ, ಇದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ನೋಡುತ್ತಿದ್ದೆ. ನೀನು ಮೊರಾಂಬಾ ಅಂದ ಸಂಜೆ ನನಗೆ ನೆನಪಿದೆ. ಅಂದುಬಿಟ್ಟು ಒಂದು ಸಲ ನಕ್ಕೆ. ಹೆಸರು ತಮಾಷೆಯಾಗಿದೆ ಎಂದು ನಕ್ಕೆಯೋ, ನಮ್ಮನ್ನು ಆಟ ಆಡಿಸಲು ನೀನೇ ಹುಟ್ಟಿಸಿ ನಕ್ಕೆಯೋ, ಇದೇ ನನ್ನನ್ನು ಐದು ದಿನದಿಂದ ತಿನ್ನುತ್ತಿದೆ. ಬೇರೆ ಯಾರಿಗೂ ಹೇಳಿಲ್ಲ. ಆ ಭೂಪಟದ ಪುಸ್ತಕ ನಿನ್ನ ಟ್ರಂಕಿನಲ್ಲೇ ಇದೆ ತಾನೆ? ಮಡಗಾಸ್ಕರ್ ಇರುವ ಹಾಳೆ ತೆಗೆ. ಉಪ್ಸಾರು ಚೆಲ್ಲಿ ಕಲೆಯಾಗಿದೆಯಲ್ಲ, ಅದರ ಪಕ್ಕ, ಆ ದ್ವೀಪದ ಎಡಗಡೆ ದಂಡೆಯ ಮೇಲುಭಾಗದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇದೆ ಎಂದು ನನ್ನ ಮನಸ್ಸು ಹೇಳುತ್ತದೆ, ನೀನು ಅಲ್ಲಿ ಬೆರಳಿಟ್ಟಿದ್ದೆ. ಇದ್ದರೆ ಆ ಹಾಳೆಯನ್ನೇ ಹರಿದು ರಿಜಿಸ್ಟರ್ ಅಂಚೆಯಲ್ಲಿ ಕಳಿಸು, ಮೂರನೇ ತಾರೀಖಿನ ಒಳಗೆ ಮುಟ್ಟಬೇಕು. ಇಲ್ಲದಿದ್ದರೆ ಇಲ್ಲ ಎಂದೇ ಬರಿ, ನನಗೋಸ್ಕರ ಸುಳ್ಳು ಬರೆಯಬೇಡ. ಆಗ ಕಲಿಸಿದ್ದು ನೀನು, ಹುಟ್ಟಿಸಿದ್ದೂ ನೀನೇ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುತ್ತೇನೆ, ಆದರೂ ಬಾಣಲೆ ಮುಂದೆ ಹತ್ತನ್ನೂ ಹೇಳಿಯೇ ಹೇಳುತ್ತೇನೆ. ಬಾಯಿ ತೆರೆಯುವ ಮೊದಲು ನನಗೆ ಗೊತ್ತಿರಬೇಕು, ಅಷ್ಟೇ. ಮೊದಲ ಸಲ ನೋಡಿ ಕಾಣಲಿಲ್ಲ ಎಂದು ಮುಚ್ಚಿಬಿಡಬೇಡ ಕಣಪ್ಪ. ಬೆಳಕಿಗೆ ಹಿಡಿದು, ಆ ಕಲೆಯ ಕೆಳಗೆ ಇನ್ನೊಂದು ಸಲ ನೋಡು.